ಉಪ್ಪುಗೊಬ್ಬರಕ್ಕೆ ಬೆರೆಸಿದ ಬೂದಿ

ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಉಪ್ಪುಗೊಬ್ಬರದ ವಿಷಯಕ್ಕೆ ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ. ಸತ್ತವರ ಮೇಲೆ ಕೋಪ ಇಟ್ಟುಕೊಳ್ಳಬಾರದು ಎನ್ನುತ್ತಾರೆ, ಇಟ್ಟುಕೊಂಡಿದ್ದೇನೆ.

ಐವತ್ತರ ದಶಕದ ಕೊನೆ. ಕೊಡಿಗೇಹಳ್ಳಿಯಲ್ಲಿ ನಮ್ಮದು ಬಾವಿ ನೀರಿನ ಕೋಸಿನ ತೋಟ. ನಾನು ಯಲಹಂಕದ ಹೈಸ್ಕೂಲಿಗೆ ಹೋಗುತ್ತಿದ್ದೆ. ನಮ್ಮ ಬೀದಿಯಲ್ಲಿ ಅಲ್ಲಿಯವರೆಗೆ ಓದಿದ ಹುಡುಗಿ ನಾನೊಬ್ಬಳೇ, ಎಸ್ಸೆಸ್ಸೆಲ್ಸಿ ಮುಗಿಸಲೇಬೇಕೆಂಬ ಹಟವಿತ್ತು. ಒಂದು ದಿನ ವಿಜ್ಞಾನದ ಮೇಷ್ಟ್ರು ನೀರು ಬೆರೆಸಿದ ಗಂಧಕಾಮ್ಲದೊಳಗೆ ಅಮೋನಿಯಾ ಹಾಯಿಸಿ, ನೀರನ್ನು ಕಾಯಿಸಿ ಇಂಗಿಸಿ, ಪಿಂಗಾಣಿ ಬಸಿಯ ತಳದಲ್ಲಿ ಉಳಿದ ಬಿಳಿ ಹರಳು ತೋರಿಸಿದರು. ಅದೇ ಅಮೋನಿಯಂ ಸಲ್ಫೇಟ್, ನಮ್ಮೂರವರ ಬಾಯಲ್ಲಿ ಉಪ್ಪುಗೊಬ್ಬರ. ಅದಕ್ಕೆ ಚಿಟಿಕೆ ಸುಣ್ಣ ಹಾಕಿ ಬಿಸಿ ಮಾಡಿ ನನ್ನ ಮೂಗಿನ ಹತ್ತಿರ ಹಿಡಿದರು. ಘಾಟಿಗೆ ಕಣ್ಣಲ್ಲಿ ನೀರು ಬಂತು.

"ಸಾರವೆಲ್ಲ ಹೋಯ್ತು ನೋಡು. ಸುಣ್ಣವೇ ಆಗ್ಬೇಕಿಲ್ಲ, ಬೂದಿ ಸೇರಿದ್ರೂ ಹೀಗೇ" ಎಂದರು.

ಅದೇ ತಿಂಗಳು ಅಪ್ಪ ಮೊದಲ ಸಲ ಆ ಗೊಬ್ಬರದ ಮೂಟೆ ತಂದ. ಯಾವ ಗೊಬ್ಬರ ಎರಚುವುದಾದರೂ ಒಲೆಬೂದಿ ಬೆರೆಸುವುದು ನಮ್ಮ ಮನೆಯ ವಾಡಿಕೆ. ಕೈಗೆ ಅಂಟುವುದಿಲ್ಲ, ಸಮನಾಗಿ ಬೀಳುತ್ತದೆ. ಅಪ್ಪ ಹರಳಿನ ಮೇಲೆ ಬೂದಿ ಸುರಿದು, ನೀರು ಚಿಮುಕಿಸಿ, ಸಲಿಕೆಯಿಂದ ಕಲೆಸತೊಡಗಿದ. ಸ್ವಲ್ಪ ಹೊತ್ತಿಗೆ ಅದೇ ಘಾಟು.

"ಅಪ್ಪಾ, ಬೂದಿ ಬ್ಯಾಡ. ಸಾರವೆಲ್ಲ ಗಾಳಿಗೆ ಓಯ್ತದೆ, ಬೆಳೆಗೇನೂ ಸಿಗಾಕಿಲ್ಲ" ಎಂದೆ.

"ಘಾಟಿದ್ರೇನೇ ಗೊಬ್ಬರ. ಎಣ್ಣುಡ್ಗಿ ಕೈಲಿ ಬ್ಯಾಸಾಯ ಕಲೀಬೇಕಾ ನಾನು? ಓಗು, ಇನ್ನೊಂದ್ ಮಂಕರಿ ಬೂದಿ ತಗೊಂಬಾ."

ತಂದುಕೊಟ್ಟೆ. ಅದಕ್ಕೆ ನನ್ನ ಮೇಲೂ ಸಿಟ್ಟಿದೆ.

ಪಕ್ಕದ ತೋಟದವರು ಅದೇ ಗೊಬ್ಬರವನ್ನು ಬರೀ ಒಣಮಣ್ಣಿಗೆ ಬೆರೆಸಿ ಹಾಕಿದ್ದರು. ಅವರ ಕೋಸು ತಲೆಗಾತ್ರ ಬಂತು. ನಮ್ಮದು ಎಲೆ ಹಳದಿಗಟ್ಟಿ ಮುಷ್ಟಿಗಿಂತ ದೊಡ್ಡದಾಗಲಿಲ್ಲ. ಅಪ್ಪ ಬೂದಿಯನ್ನು ಬೈಯಲಿಲ್ಲ.

"ಸಿಗಾಕಿಲ್ಲ ಅಂತ ಬಾಯ್ಬಿಟ್ಲಲ್ಲ, ಅವಳ ಬಾಯಿಂದ್ಲೇ ಇಂಗಾಗಿದ್ದು. ಓದಿ ಓದಿ ನಾಲಿಗೆ ಉದ್ದ ಆಗೈತೆ" ಎಂದು ಅವ್ವನಿಗೆ ಹೇಳಿದ. ಮಾರನೆಯ ವಾರದಿಂದ ನನ್ನ ಸ್ಕೂಲು ನಿಂತಿತು. ಪರೀಕ್ಷೆಗೆ ಇನ್ನು ಮೂರು ತಿಂಗಳಿತ್ತು.

ಮುಂದಿನ ವರ್ಷ ರೈತರಿಗೆ ಬೇಸಾಯದ ಸಲಹೆ ಕೊಡುವ ಸರ್ಕಾರಿ ಗ್ರಾಮಸೇವಕರು ಬಂದರು. ನಮ್ಮ ಜಗಲಿಯ ಮೇಲೆ ಕೂತು, ಈ ಗೊಬ್ಬರಕ್ಕೆ ಬೂದಿ ಬೆರೆಸಿದರೆ ಸಾರ ಗಾಳಿಗೆ ಹೋಗುತ್ತದೆ ಎಂದರು. ನಾನು ಹೇಳಿದ್ದೇ ಮಾತು, ಹೆಚ್ಚಿಲ್ಲ ಕಡಿಮೆಯಿಲ್ಲ. ಅಪ್ಪ ಕೈಕಟ್ಟಿಕೊಂಡು "ಔದು ಸ್ವಾಮಿ, ಔದು" ಎಂದು ಕೇಳಿದ. ಕಾಫಿ ತಂದಿಟ್ಟವಳು ನಾನು. ಅಪ್ಪ ಲೋಟ ಎತ್ತಿಕೊಂಡು ಅವರಿಗೆ ಹೇಳಿದ: "ಅದ್ಕೇ ಸ್ವಾಮಿ, ಮನೇಲಿ ಒಬ್ರಾದ್ರೂ ಓದಿರಬೇಕು ಅನ್ನೋದು."

ನಾನು ಒಳಗೆ ಹೋದೆ. ನನ್ನ ವಿಜ್ಞಾನದ ಪುಸ್ತಕವನ್ನು ಅವ್ವ ದಿನಕ್ಕೊಂದು ಹಾಳೆ ಹರಿದು ಒಲೆ ಹೊತ್ತಿಸಿ ಆಗಲೇ ಮುಗಿಸಿದ್ದಳು. ಆ ಬೂದಿಯೂ ತೋಟಕ್ಕೇ ಹೋಗಿತ್ತು.