ನನ್ನ ಬಾಯಲ್ಲಿಟ್ಟ ಚೀಜು

ಹಾನಗಲ್ಲಿನ ನಮ್ಮ ಗಾಯನ ಮಾಸ್ತರರು ತಾವು ಕಟ್ಟಿದ ಚೀಜುಗಳನ್ನು, ಅಂದರೆ ರಾಗಕ್ಕೆ ಹೊಂದಿಸಿದ ಹಾಡುಗಳನ್ನು, ಎಂದೂ ಬರೆದಿಡಲಿಲ್ಲ. ಸೋಮವಾರ ಶಿಗ್ಗಾಂವಿ, ಬುಧವಾರ ಸವಣೂರು ಅಂತ ಪಾಠಕ್ಕೆ ತಿರುಗುವಾಗ, ಬಸ್ಸಿನ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕಟ್ಟುತ್ತಿದ್ದರು. ಕಟ್ಟಿದ ಒಂದೊಂದನ್ನೂ ಒಬ್ಬೊಬ್ಬ ಶಿಷ್ಯರ ಬಾಯಲ್ಲಿ ಇಡುವುದು ಅವರ ಪದ್ಧತಿ. ಉಳಿದವರು ಅದನ್ನು ಆ ಶಿಷ್ಯರಿಂದಲೇ ಕಲಿಯಬೇಕು. ನಾನೊಮ್ಮೆ ನೋಟ್‌ಬುಕ್ ತೆಗೆದಾಗ ಕಸಿದುಕೊಂಡು ಅದರ ಮೇಲೇ ಕೂತುಬಿಟ್ಟರು.

“ಬರದಿಟ್ಟದ್ದನ್ನ ಇಲಿ ತಿಂತಾವ ತಂಗಿ. ಬಾಯಾಗ ಇಟ್ಟದ್ದನ್ನ ಯಾರೂ ತಿನ್ನಾಂಗಿಲ್ಲ. ದಿನಾ ಒಮ್ಮೆ ಹಾಡು, ಅಷ್ಟ.”

ನನ್ನ ಪಾಲಿಗೆ ಬಂದದ್ದು ಮುಲ್ತಾನಿ ರಾಗದ ಒಂದು ಕನ್ನಡ ಚೀಜು. ಅದರ ಮೊದಲ ಭಾಗ ಸ್ಥಾಯಿಯಲ್ಲಿ ಒಬ್ಬ ಹೆಂಗಸು ತುಂಬಿದ ಕೊಡ ಹೊತ್ತು ಕೆರೆ ಏರಿಯ ಮೇಲೆ ನಿಂತಿದ್ದಾಳೆ, ಹೊತ್ತು ಇಳಿಯುತ್ತಿದೆ. ಮುಂದೆ ಅವಳೇನು ಮಾಡಿದಳು ಅನ್ನುವುದು ಎರಡನೆಯ ಭಾಗ ಅಂತರಾದಲ್ಲಿ.

ಆ ಅಂತರಾವನ್ನು ನಾನು ಮರೆತುಬಿಟ್ಟೆ. ಮದುವೆ, ಮಕ್ಕಳು, ಹಿರೇಕೆರೂರಿನ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಅಂತ ನೆಪ ಹೇಳಬಹುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜೊತೆಯ ಶಿಷ್ಯರು ಒಬ್ಬಿಬ್ಬರು ಆ ಚೀಜು ಕಲಿಸಿ ಎಂದು ಕೇಳಿದ್ದರು ಕೂಡ. ಪರೀಕ್ಷೆ ಮುಗಿಯಲಿ ಎಂದು ಸಾಗಹಾಕಿದ್ದೆ.

ಹೋದ ವರ್ಷ ಮಾಸ್ತರರ ಫೋನ್ ಬಂತು. ವಯಸ್ಸಾಗಿ ಅವರ ನೆನಪು ಕೈಕೊಡತೊಡಗಿತ್ತು.

“ತಡಸದಿಂದ ಇಬ್ಬರು ಹುಡುಗ್ಯಾರು ಪಾಠಕ್ಕ ಬರಾಕತ್ತಾರ. ನಿನ್ನ ಬಾಯಾಗ ಇಟ್ಟದ್ದನ್ನ ತಂದು ಅವರಿಗೆ ಕೊಡು ತಂಗಿ. ನನಗ ಮರತೈತಿ.”

ನನಗೂ ಮರೆತಿದೆ ಅನ್ನಬೇಕಿತ್ತು. “ಬರ್ತೇನ್ರಿ ಗುರುಗಳ” ಅಂದೆ.

ನಾನು ಹೊರಟ ದಿನ ಸಂತೆ, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಗೋ ಕಿಟಕಿಯ ಪಕ್ಕ ಸೇರಿಕೊಂಡು, ಹಾನಗಲ್ಲು ಬರುವಷ್ಟರಲ್ಲಿ ನಾನೇ ಒಂದು ಅಂತರಾ ಕಟ್ಟಿದೆ. ಹೆಂಗಸನ್ನು ಮನೆ ಮುಟ್ಟಿಸಿ, ಕೊಡ ಇಳಿಸಿ, ದೀಪ ಹಚ್ಚಿಸಿದೆ. ಹೇಳಲು ನಾಚಿಕೆಯಾಗುತ್ತದೆ, ಕಟ್ಟುವಾಗ ಖುಷಿಯಾಗಿತ್ತು.

ತಡಸದ ಹುಡುಗಿಯರನ್ನು ಎದುರಿಗೆ ಕೂರಿಸಿಕೊಂಡು ನಾನು ಹಾಡುವಾಗ ಮಾಸ್ತರರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಅಂತರಾಕ್ಕೆ ಬಂದಾಗ ಬೆರಳುಗಳು ನಿಂತವು. ಆಮೇಲೆ ತಾಳ ಮತ್ತೆ ಶುರುವಾಯಿತು.

ಮುಗಿದ ಮೇಲೆ “ಇನ್ನೊಮ್ಮೆ” ಅಂದರು.

ತಪ್ಪೊಪ್ಪಿಕೊಳ್ಳಲು ಆಗಲೂ ಅವಕಾಶವಿತ್ತು. ಎರಡನೆಯ ಸಲವೂ ಅದನ್ನೇ ಹಾಡಿದೆ, ಇನ್ನಷ್ಟು ಧೈರ್ಯದಿಂದ.

“ಛಲೋ ಐತಿ,” ಅಂದರು. “ನಂದು ಹೆಂಗಿತ್ತೋ ನೆನಪಾಗವಲ್ದು. ಆದ್ರ ನನ್ನ ಚೀಜಿನಾಗ ಆಕಿ ಮನಿಗೆ ಹೋಗಿದ್ದಿಲ್ಲ ತಂಗಿ. ಅಷ್ಟು ಗೊತ್ತೈತಿ.”

ಅವರು ಸಿಟ್ಟಿಗೆದ್ದು ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಹೆಂಗಸು ಎಲ್ಲಿಗೆ ಹೋದಳೆಂದು ಇನ್ನು ಯಾರನ್ನು ಕೇಳುವುದು? ಗೊತ್ತಿದ್ದವರು ಇಬ್ಬರೇ, ಇಬ್ಬರೂ ಮರೆತು ಕೂತಿದ್ದೆವು. ಅವರಿಗೆ ಮರೆಯುವ ವಯಸ್ಸು. ನನಗಲ್ಲ.

ಮಾಸ್ತರರು ಹುಡುಗಿಯರ ಕಡೆ ತಿರುಗಿದರು. “ಸ್ಥಾಯಿ ನಂದು, ಅಂತರಾ ಈಕೀದು. ಹಂಗಂತ ಬರಕೋರಿ.”

ಹುಡುಗಿಯರು ಮುಖ ಮುಖ ನೋಡಿಕೊಂಡರು. ಆ ಮನೆಗೆ ನೋಟ್‌ಬುಕ್ ತರುವಂತಿಲ್ಲ ಎಂದು ಅವರಿಗೆ ಮೊದಲ ದಿನವೇ ಹೇಳಿಯಾಗಿತ್ತು. ಮಾಸ್ತರರು ಗೋಡೆ ಹಿಡಿದು ಎದ್ದರು, ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು ಅವರ ಕೈಗೆ ಕೊಟ್ಟರು.