ಕೊಳ್ಳದಲ್ಲಿ ಹೆಜ್ಜೇನು ಎದ್ದ ದಿನ

ಬೀಳಗಿಯ ಆಚೆ ಗುಡ್ಡಗಳ ನಡುವೆ ಒಂದು ಆಳವಾದ ಕೊಳ್ಳವಿದೆ. ಮೇಲಿಂದ ನೋಡಿದರೆ ಬರೀ ಕುರುಚಲು ಗಿಡ, ಕೆಂಪು ಕಲ್ಲು. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಒಮ್ಮೆಲೇ ನೆಲ ಮುಗಿದು, ಎಷ್ಟೋ ಕೆಳಗೆ ಒಂದು ಮಡುವಿನ ನೀರು ಹೊಳೆಯುತ್ತದೆ. ಜಮಖಂಡಿಯ ಕಾಲೇಜಿನಲ್ಲಿ ಓದುವಾಗಲೇ ನಾವು ಮೂವರು ಗೆಳತಿಯರು ಅದನ್ನು ಇಳಿಯಬೇಕೆಂದುಕೊಂಡಿದ್ದೆವು. ಇಳಿಯುವ ಕಾಲ ಕೂಡಿಬಂದಾಗ ಮೂವರಿಗೂ ನಲವತ್ತು ಹತ್ತಿರವಾಗಿತ್ತು. ಆ ಹೊತ್ತಿಗೆ ನಮ್ಮ ಹೊಳೆಗೆ ಕಟ್ಟಿದ ಹಿಪ್ಪರಗಿಯ ಬ್ಯಾರೇಜಿನಲ್ಲಿ ನೀರು ನಿಲ್ಲತೊಡಗಿ ಕೆಲವು ವರ್ಷಗಳಾಗಿದ್ದವು.

ನಾನು ಜಮಖಂಡಿಯಲ್ಲಿ ಕಚೇರಿ ಕೆಲಸದವಳು. ಒಬ್ಬಳು ಮುಧೋಳದಲ್ಲಿ ಶಾಲಾ ಶಿಕ್ಷಕಿ. ಮೂರನೆಯವಳನ್ನು ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟಿದ್ದರು. ಅವಳನ್ನು ಹೊರಡಿಸುವುದೇ ಕಷ್ಟವಾಯಿತು. ಗಂಡ ಹೂಂ ಅಂದಿದ್ದ, ಅತ್ತೆ ಒಪ್ಪಿರಲಿಲ್ಲ.

"ಗಂಡಸರಿಲ್ಲ, ಗುಡಿ ಇಲ್ಲ, ದೇವರಿಲ್ಲ. ಆ ತಗ್ಗಿನ್ಯಾಗ ಏನ ನೋಡಾಕ ಹೊಂಟೀರಿ?" ಎಂದು ಆ ಮುದುಕಿ ನನ್ನನ್ನೇ ಕೇಳಿದಳು.

"ಅವ್ವಾರ, ನಾನ ಕರಕೊಂಡ ಹೋಗ್ತೇನ್ರಿ, ನಾನ ತಂದ ಮುಟ್ಟಿಸ್ತೇನ್ರಿ," ಅಂದೆ. ಆ ಮಾತು ಆಡುವಾಗ ನನಗೆ ಒಂದಿಷ್ಟೂ ಭಾರ ಅನ್ನಿಸಿರಲಿಲ್ಲ.

ಮಕ್ಕಳ ಶಾಲಾಚೀಲಗಳನ್ನೇ ಖಾಲಿ ಮಾಡಿ ಬೆನ್ನಿಗೆ ಏರಿಸಿಕೊಂಡೆವು. ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಒಂದೊಂದು ಚಾದರ, ಚಹಾಕ್ಕೆಂದು ಒಂದು ಸಣ್ಣ ಪಾತ್ರೆ. ಬೀಳಗಿಯಲ್ಲಿ ಶಿಕ್ಷಕಿಯ ಅಕ್ಕನ ಮನೆಯಲ್ಲಿ ಒಂದು ರಾತ್ರಿ ತಂಗಿ, ಬೆಳಗಿನ ಬಸ್ಸಿಗೆ ಹೋಗಿ, ಕುರಿಗಳು ಓಡಾಡುವ ಜಾಡು ಹಿಡಿದು ಇಳಿದೆವು. ಕೆಲವು ಕಡೆ ಕುಳಿತೇ ಜಾರಬೇಕಾಯಿತು. ಶಿಕ್ಷಕಿಯ ಸೀರೆ ಹರಿಯಿತು. ನಕ್ಕು ನಕ್ಕು ನಮಗೆ ಉಸಿರು ಸಾಲಲಿಲ್ಲ. ಕೆಳಗೆ ಮುಟ್ಟಿದಾಗ ಆಕಾಶ ಒಂದು ಪಟ್ಟಿಯಷ್ಟೇ ಉಳಿದಿತ್ತು.

ಚಹಾ ಇಲ್ಲದಿದ್ದರೆ ನನಗೆ ತಲೆನೋವು. ಮೂರು ಕಲ್ಲು ಹೂಡಿ ಪುಳ್ಳೆ ಹೊತ್ತಿಸಿದೆ. ಗಾಳಿಯಿರಲಿಲ್ಲ. ಹೊಗೆ ನೆಟ್ಟಗೆ ಬಂಡೆಯನ್ನು ಹಿಡಿದು ಏರಿತು.

"ಹೊಗಿ ಮ್ಯಾಲ ಹೊಂಟೈತಿ. ಬ್ಯಾಡ ಬೇ, ಆರಿಸು," ಎಂದಳು ಬನಹಟ್ಟಿಯವಳು.

"ಒಂದ ಕುದಿ ಬರಲಿ," ಅಂದೆ.

ಬಂಡೆಯ ಮೇಲಿದ್ದ ಕಪ್ಪು ಕಪ್ಪು ಗುರುತುಗಳನ್ನು ನೀರು ಸೋರಿದ ಕಲೆ ಎಂದುಕೊಂಡಿದ್ದೆ. ಅವುಗಳಲ್ಲಿ ಒಂದು ಅಲುಗಾಡಿ, ಸಡಿಲವಾಗಿ, ಗಾಳಿಯಲ್ಲಿ ಹರಡಿತು. ಆಮೇಲೆ ಆ ಸದ್ದು ಕಿವಿಗೆ ಬಿತ್ತು. ಹೆಜ್ಜೇನು.

ಶಿಕ್ಷಕಿ ಮಡುವಿಗೆ ಹಾರಿ ಒದ್ದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬನಹಟ್ಟಿಯವಳು ಕೊಳ್ಳದ ಗುಂಟ ಕೆಳಕ್ಕೆ ಓಡಿದಳು. ನಾನು ಚಾದರ ಹೊದ್ದು ಬಂಡೆಗೆ ಮುಖ ಹಚ್ಚಿ ಮುದುಡಿದೆ. ಕೈಗೆ, ಕುತ್ತಿಗೆಗೆ ಕುಟುಕಿದವು. ಮೇಲಿಂದ ಯಾರೋ ಕುರಿ ಕಾಯುವವನು ಕೂಗುತ್ತಿದ್ದ: "ಅಲುಗಾಡಬ್ಯಾಡ್ರೀ! ಹಂಗ ಬಿದ್ದಕೊಂಡಿರ್ರಿ!"

ಎಷ್ಟು ಹೊತ್ತು ಹಾಗೆ ಇದ್ದೆನೋ ತಿಳಿಯದು. ಸದ್ದು ತೆಳುವಾಗಿ, ಕೊನೆಗೆ ನಿಂತಿತು. ಚಾದರದಿಂದ ಹೊರಬಂದಾಗ ಶಿಕ್ಷಕಿ ನೀರಿನಿಂದ ನಡುಗುತ್ತ ಏಳುತ್ತಿದ್ದಳು. ಅವಳ ಮೊದಲ ಮಾತು, "ಅಕಿ ಎಲ್ಲಿ?"

ಕೂಗಿ ಕರೆಯಲು ಇಬ್ಬರಿಗೂ ಭಯ, ಮತ್ತೆ ಎದ್ದಾವೆಂದು. ಸದ್ದು ಮಾಡದೆ ಹುಡುಕಿದೆವು. ಒಂದು ತಿರುವಿನಲ್ಲಿ ಅವಳ ಒಂದು ಚಪ್ಪಲಿ ಬಿದ್ದಿತ್ತು. ಅದರಿಂದ ಎರಡು ಮಾರು ಆಚೆ ಇನ್ನೊಂದು ಮಡು, ಹಸಿರು ನೀರು, ತಳ ಕಾಣದು. ಅವಳಿಗೆ ಈಜು ಬಾರದು. ಬನಹಟ್ಟಿಯ ಆ ಮನೆಯ ಹೊಸ್ತಿಲು, ಮಗ್ಗದ ಕೋಣೆ, ಕದಕ್ಕೆ ಒರಗಿ ನಿಂತ ಅತ್ತೆ, ಎಲ್ಲ ಕಣ್ಣ ಮುಂದೆ ಬಂದವು. ಯಾವ ಬಾಯಿಂದ ಏನು ಹೇಳಲಿ? ಶಿಕ್ಷಕಿ ಒಂದು ಉದ್ದನೆಯ ಕಟ್ಟಿಗೆ ತಂದು ನೀರಲ್ಲಿ ಆಡಿಸತೊಡಗಿದಳು. ಅದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ.

ತಿರುಗಿಸಿದ ಕಡೆಯಲ್ಲೇ ಬಂಡೆಯಲ್ಲಿ ಒಂದು ಸಂದು. ಒಳಗೆ ನೀಲಿ ಸೀರೆಯ ಅಂಚು.

"ಚಹಾ ಆತೇನ ಬೇ?" ಎಂದಿತು ಸಂದು.

ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ಅವಳ ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ತುಟಿ ಬದನೆಕಾಯಿಯಂತೆ ಊದಿತ್ತು. ಆದರೂ ನನ್ನ ಬೆನ್ನು ಸವರುತ್ತಿದ್ದವಳು ಅವಳೇ. "ಅಳಬ್ಯಾಡ, ಅದೀನಿ. ಉಸರು ಛಲೋ ಐತಿ," ಅನ್ನುತ್ತಿದ್ದಳು. ಅವಳು ಉಸಿರಾಡುವುದನ್ನು ನಾನು ಕಿವಿಗೊಟ್ಟು ಕೇಳಿದೆ. ಅಷ್ಟು ಸುಖದ ಸದ್ದನ್ನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅಷ್ಟರಲ್ಲಿ ಮೇಲಿಂದ ಕೂಗಿದ್ದ ಕುರಿ ಕಾಯುವ ಅಜ್ಜ ಬೇರೊಂದು ಸುಲಭದ ದಾರಿಯಿಂದ ಇಳಿದು ಬಂದ. ನಮ್ಮ ಮೂರೂ ಚೀಲಗಳನ್ನು ಒಂದೇ ಹೆಗಲಿಗೆ ಹಾಕಿಕೊಂಡು, "ಒಲಿ ಹಚ್ಚಿದವರ್ಯಾರು?" ಎಂದು ಕೇಳಿದ. ನಾನು ಕೈ ಎತ್ತಿದೆ. "ತಂಗಿ, ಇನ್ನ ಮ್ಯಾಲ ಚಹಾ ಮನಿಯಾಗ ಕುಡದ ಬಾ," ಎಂದಷ್ಟೇ ಹೇಳಿ ಮುಂದೆ ನಡೆದ.

ಬೀಳಗಿಯ ದವಾಖಾನೆಯಲ್ಲಿ ಡಾಕ್ಟರು ಅವಳ ಮೈಯಿಂದ ಕೊಂಡಿಗಳನ್ನು ಒಂದೊಂದಾಗಿ ಕಿತ್ತು, ಇಂಜೆಕ್ಷನ್ ಕೊಟ್ಟು, ಮಧ್ಯಾಹ್ನ ಇಳಿಯುವವರೆಗೂ ಮಲಗಿಸಿಕೊಂಡರು. ಕೊನೆಗೆ ನಾಡಿ ಹಿಡಿದು ನೋಡಿ, "ಆರಾಮ ಅದಾರ, ಕರಕೊಂಡ ಹೋಗ್ರಿ," ಅಂದರು. ನನಗೆ ಆಗ ಹಸಿವಾಯಿತು. ಬಸ್ಸಿನಲ್ಲಿ ಕುಳಿತು ಒಣಗಿದ ರೊಟ್ಟಿಯನ್ನು ಮೂವರೂ ಮುರಿದು ತಿಂದೆವು. ಮುಧೋಳ ಬಂದಾಗ ಶಿಕ್ಷಕಿ ಇಳಿಯಲಿಲ್ಲ. "ನಾನೂ ಬರ್ತೇನಿ. ಬೈಸಿಗೊಳ್ಳಾಕ ನೀ ಒಬ್ಬಾಕಿ ಸಾಲೂದಿಲ್ಲ," ಅಂದಳು.

ಬನಹಟ್ಟಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅತ್ತೆ ಸೊಸೆಯ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ ನೋಡಿದಳು. ಆ ಕಡೆ ಹೊರಳಿಸಿದಳು, ಈ ಕಡೆ ಹೊರಳಿಸಿದಳು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ನನ್ನ ತಪ್ಪರಿ ಅವ್ವಾರ," ಅಂದೆ. ಮುದುಕಿಯ ಮುಖ ಗಂಟಾಗಿತ್ತು. ಆದರೆ ಸೊಸೆ ಆ ಊದಿದ ತುಟಿಯಲ್ಲಿ ಏನೋ ಹೇಳಲು ಹೋಗಿ ಮಾತು ತೊದಲಿದಾಗ, ಮುದುಕಿಗೆ ನಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಗ್ಗ ನಿಲ್ಲಿಸಿ ಬಂದ ಗಂಡನೂ ನಕ್ಕ. ನಾವೂ ನಕ್ಕೆವು.

ಮುದುಕಿ ಬೈಯಲಿಲ್ಲ, ನಮ್ಮನ್ನು ಊಟಕ್ಕೆ ಕೂರಿಸಿ ಎದುರಿಗೆ ತಾನೂ ಕುಳಿತಳು. ಆಮೇಲೆ ಮೆಲ್ಲಗೆ ಕೇಳಿದಳು: "ಎಷ್ಟ ಆಳ ಐತಿ ಅದು?"

ಹೇಳಿದೆ. ಬಂಡೆಯ ಬಣ್ಣ ಕೇಳಿದಳು, ಹಕ್ಕಿಗಳಿದ್ದವೇ ಎಂದು ಕೇಳಿದಳು. ಮಹಾಲಿಂಗಪುರದ ಸಂತೆ ಬಿಟ್ಟು ತಾನು ಆ ಕಡೆ ಹೋದವಳೇ ಅಲ್ಲ ಎಂದಳು.

"ನೀರ ತಣ್ಣಗಿತ್ತೇನು?"

ಮಡುವಿಗೆ ಇಳಿದವಳು ನಾನಲ್ಲ. ಶಿಕ್ಷಕಿ ತುತ್ತು ನುಂಗಿ, "ಭಾಳ ತಣ್ಣಗಿತ್ರಿ," ಅಂದಳು. ಮುದುಕಿ ತಲೆಯಾಡಿಸಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.