ವಾಜಿದ್ ಸಾಬರು ಎತ್ತಿದ ಎರಡಿಂಚು

ಬೆಳಗಿನ ಆರು ಗಂಟೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಕುಲುಮೆ ಆಗಲೇ ಕೆಂಪಾಗಿದೆ. ವಾಜಿದ್ ಸಾಬರು ಇಕ್ಕಳದಲ್ಲಿ ಹಿಡಿದು ಹೊರತೆಗೆದ ಉಕ್ಕಿನ ಪಟ್ಟಿ ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ಬಂದಿದೆ. ಅದನ್ನು ಅಡೆಗಲ್ಲಿನ ಮೇಲಿಟ್ಟು ಹೊಡೆಯುತ್ತಾರೆ, ಒಂದು ಕಣ್ಣು ಮುಚ್ಚಿ ಬಾಗು ನೋಡುತ್ತಾರೆ, ಮತ್ತೆ ಹೊಡೆಯುತ್ತಾರೆ. ಹೊರಗೆ ನಾಲ್ಕೂ ಚಕ್ರ ಬಿಚ್ಚಿಸಿಕೊಂಡು ಮರದ ದಿಮ್ಮಿಗಳ ಮೇಲೆ ಕೂತಿರುವುದು ಮೂವತ್ತು ವರ್ಷದ ಹಳೇ ಫೋರ್ ವೀಲ್ ಡ್ರೈವ್ ಜೀಪು.

"ಮುದುಕ ಕಣ್ ಸಾರ್ ಇದು. ಸೊಂಟ ಬಿದ್ದೋಗದೆ. ಒಸಿ ಎತ್ತಿ ನಿಲ್ಲಿಸ್ಬೇಕು," ಅನ್ನುತ್ತಾರೆ, ಬೆವರು ಒರೆಸಿಕೊಳ್ಳುತ್ತಾ.

ಜೀಪಿನ ಭಾರವೆಲ್ಲ ಚಕ್ರಗಳ ಮೇಲೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಮೇಲಿರುತ್ತದೆ. ಇವರ ಬಾಯಲ್ಲಿ ಅವು ಪ್ಲೇಟುಗಳು. ವರ್ಷ ಕಳೆದಂತೆ ಪ್ಲೇಟಿನ ಬಾಗು ಹೋಗಿ ಜೀಪಿನ ಹೊಟ್ಟೆ ಕಲ್ಲಿಗೆ ತಾಗತೊಡಗುತ್ತದೆ. ಹೊಸ ಸೆಟ್ಟು ಹಾಕಿಸಲು ಬೆಂಗಳೂರಿಗೆ ಹೋದರೆ ಅರ್ಧ ಲಕ್ಷ ಎಲ್ಲಿಗೂ ಸಾಲದು. ವಾಜಿದ್ ಸಾಬರು ಹಳೇ ಪ್ಲೇಟನ್ನೇ ಕಾಯಿಸಿ ಬಾಗಿಸಿ, ಲಾರಿಯಿಂದ ಬಿಚ್ಚಿ ಎಸೆದದ್ದೊಂದನ್ನು ಕತ್ತರಿಸಿ ಜೊತೆಗೆ ಸೇರಿಸಿ, ಅದರ ಐದರಲ್ಲೊಂದು ಪಾಲಿಗೆ ಎರಡಿಂಚು ಎತ್ತಿ ಕಳಿಸುತ್ತಾರೆ. ವಾರಕ್ಕೆ ಎರಡು ಜೀಪು, ಜೀಪಿಗೆ ಮೂವತ್ತಕ್ಕೂ ಹೆಚ್ಚು ಪ್ಲೇಟು. ಅಪ್ಪನ ಕೈಕೆಳಗೆ ಶುರುವಾದ ಈ ಕೆಲಸಕ್ಕೆ ಈಗ ನಲವತ್ತು ವರ್ಷ. ಬಲಗಿವಿ ಕೇಳಿಸುವುದಿಲ್ಲ, ನಾನು ಎಡಕ್ಕೇ ಕೂತು ಮಾತಾಡುತ್ತಿದ್ದೇನೆ.

ಭಾನುವಾರ ಬೆಂಗಳೂರಿನ ಹುಡುಗರೂ ಬರುತ್ತಾರಂತೆ, ಆರಿಂಚು ಎತ್ತಿ ಅನ್ನುತ್ತಾ. "ಆರಿಂಚು ಬೇಕಾದ್ರೆ ಲಾರಿ ತಗಳ್ರಪ್ಪ ಅಂತೀನಿ," ಎಂದು ನಗುತ್ತಾರೆ.

ಇವರ ಅಳತೆಯೇ ಬೇರೆ. ಟೇಪು ಇಲ್ಲ, ತೆಂಗಿನಗರಿಯ ಕಡ್ಡಿ. ಕೆಲಸಕ್ಕೆ ಮುಂಚೆ ಜೀಪಿನ ಯಜಮಾನ ದಿನವೂ ಏನು ಹೊರಿಸುತ್ತಾನೋ ಅದನ್ನೆಲ್ಲ ಹೊರಿಸಬೇಕು: ಹುಲ್ಲು, ಎಳನೀರು, ಹಾಲಿನ ಕ್ಯಾನು, ಹೆಂಡತಿ ಮಕ್ಕಳು. ಆಮೇಲೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನವರೆಗೆ ಕಡ್ಡಿ ಹಿಡಿದು ಲಟಕ್ಕನೆ ಮುರಿಯುತ್ತಾರೆ. ಕೆಲಸ ಮುಗಿದ ಮೇಲೆ ಅಷ್ಟೇ ಹೊರೆ ಹೊರಿಸಿ, ಅದೇ ಕಡ್ಡಿ ಹಿಡಿದು, ಎಷ್ಟು ಎತ್ತರ ಬಂತೆಂದು ನೋಡುತ್ತಾರೆ. "ಖಾಲಿ ಜೀಪು ಸುಳ್ಳು ಯೇಳ್ತದೆ ಸಾರ್."

ಅಂಥ ನೂರಾರು ಕಡ್ಡಿ ಕಟ್ಟುಕಟ್ಟಾಗಿ ತಗಡಿಗೆ ಸಿಕ್ಕಿಸಿವೆ. ಬಾಗಿಲ ಮೇಲೆ ಮಾತ್ರ ಒಂದೇ ಒಂದು ಬೇರೆಯಾಗಿದೆ. ಅದರ ಕೆಳಗೆ ಕಬ್ಬಿಣದ ಒಂದು ಪುಟ್ಟ ಮೆಟ್ಟಿಲು ನೇತಾಡುತ್ತಿದೆ. ಅದ್ಯಾರದು ಎಂದು ನಾನು ಸುಮ್ಮನೆ ಕೇಳಿದೆ. ಸುತ್ತಿಗೆ ನಿಂತಿತು. ಉತ್ತರ ಕೊಟ್ಟವರು ಟೀ ತಂದ ಅವರ ಹೆಂಡತಿ ಸರ್ವರ್ ಬೇಗಂ. "ಬೆಸಗರಳ್ಳಿ ತಿಮ್ಮಯ್ನೋರ ಜೀಪಿಂದು. ಆರು ವರ್ಸದಿಂದ ನಾಳೆ ಓಯ್ತೀನಿ, ನಾಳೆ ಓಯ್ತೀನಿ ಅಂತಾವ್ರೆ ಇವ್ರು."

ಆಗ ವಾಜಿದ್ ಸಾಬರು ಹೇಳಿದ್ದಿಷ್ಟು. ತಿಮ್ಮಯ್ಯನವರ ಹೊಲ ಹಳ್ಳದಾಚೆ. ಜೀಪಿನ ಹೊಟ್ಟೆ ಹಳ್ಳದ ಕಲ್ಲಿಗೆ ತಾಗುತ್ತದೆಂದು ಎರಡಿಂಚು ಎತ್ತಿಸಿದರು. ಜೀಪು ಎತ್ತರವಾದರೆ ಚಕ್ರಕ್ಕೆ ಹೋಗುವ ಬ್ರೇಕಿನ ರಬ್ಬರ್ ಪೈಪೂ ಉದ್ದವಾಗಬೇಕು. ಅದು ಮಂಡ್ಯದಿಂದ ಬರಬೇಕು, ಎರಡು ದಿನ ತಡ. ತಿಮ್ಮಯ್ಯನವರಿಗೋ ಮಾರನೆಯ ದಿನವೇ ನೆಂಟರ ಮನೆಯ ಗೃಹಪ್ರವೇಶ. ಆಮೇಲೆ ಹಾಕಿಸಿದರಾಯಿತು ಬುಡಿ ಸಾಬ್ರೆ ಅಂದರು.

"ನಾನೂ ಬಗ್ಗಿ ನೋಡ್ದೆ ಸಾರ್. ಪೈಪು ಸಾಲ್ತಾ ಇತ್ತು. ಆಗ್ಲಿ ಅಂದ್ಬುಟ್ಟೆ. ನಿಂತಿರೋ ಜೀಪ್ನಲ್ಲಿ ಸಾಲ್ತದೆ. ಚಕ್ರ ಗುಂಡಿಗೆ ಇಳಿದ್ರೆ ಸಾಲ್ತದಾ ಅಂತ ನೋಡ್ಲಿಲ್ಲ. ನಲವತ್ತು ವರ್ಸದ ಕೈ ಇದು, ಥೂ!"

ನಾಲ್ಕನೇ ದಿನ ನಾಲೆ ಏರಿಯ ಮೇಲೆ ಮುಂದಿನ ಚಕ್ರ ಗುಂಡಿಗೆ ಇಳಿದು ಜೋತು ಬಿತ್ತು. ಪೈಪು ಕಿತ್ತುಕೊಂಡಿತು. ಮುಂದಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ, ಜೀಪು ಹೊಂಗೆ ಮರಕ್ಕೆ ಗುದ್ದಿತು. ಹಿಂದೆ ಕೂತಿದ್ದ ತಿಮ್ಮಯ್ಯನವರ ಹೆಂಡತಿ ಬೆಟ್ಟಮ್ಮನವರ ಸೊಂಟದ ಮೂಳೆ ಮುರಿಯಿತು. ವಾಜಿದ್ ಸಾಬರು ಅವತ್ತೇ ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಒಳಗೆ ಹೋಗಲು ಕಾಲು ಬಾರದೆ ವಾಪಸು ಬಂದರು. ಅಂದಿನಿಂದ ಪೈಪು ಬದಲಿಸದೆ ಒಂದು ಜೀಪೂ ಈ ಶೆಡ್ಡಿನಿಂದ ಹೊರಗೆ ಹೋಗಿಲ್ಲ.

"ಒಂದೇ ಆಸೆ ಸಾರ್. ಆ ಜೀಪು ನನ್ ಕೈಯಿಂದ್ಲೇ ಎರಡಿಂಚು ಇಳಿಸ್ಬೇಕು. ಆಯಮ್ಮ ಹತ್ತಕ್ಕೆ ಈ ಮೆಟ್ಟಿಲು ಬೆಸುಗೆ ಹಾಕ್ಕೊಡ್ಬೇಕು. ನೀವಾದ್ರೂ ಅವ್ರನ್ನ ಒಂದ್ಮಾತು ಕೇಳಿ."

ಮಾರನೆಯ ದಿನ ಬೈಕು ಹತ್ತಿ ಬೆಸಗರಹಳ್ಳಿಗೆ ಹೋದೆ. ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಜೀಪು ಇಲ್ಲ, ಹುಲ್ಲಿನ ಮೆದೆ ಇದೆ. ಹೋದ ಸಂಕ್ರಾಂತಿಗೆ ಗುಜರಿಯವರು ಬಂದು ಕುಯ್ದು ಹೊತ್ತುಕೊಂಡು ಹೋದರಂತೆ. ಕೋಲೂರಿಕೊಂಡು ಜಗಲಿಗೆ ಬಂದ ಬೆಟ್ಟಮ್ಮನವರಿಗೆ ನಾನು ಬಂದ ವಿಷಯ ಹೇಳಿದೆ.

"ಪೈಪು ಆಮೇಕೆ ಅಂದೋರು ನಮ್ಮನೇವ್ರೇ ಕಣಪ್ಪ. ಸಾಬ್ರುನ್ನ ಯಾಕಂದೇವು? ಆದ್ರೆ ಒಂದಿನ ಬಂದು, ಎಂಗಿದ್ದೀಯಕ್ಕ ಅಂತ ಕೇಳ್ಲಿಲ್ವಲ್ಲ. ಅದು ಈ ಸೊಂಟಕ್ಕಿಂತ ನೋಯ್ತದೆ."

ತಿಮ್ಮಯ್ಯನವರು ನನ್ನ ಮುಖ ನೋಡದೆ ಹುಲ್ಲಿನ ಕಡೆ ನೋಡುತ್ತಾ ಅಂದರು: "ನಾನೂ ಓಗ್ಲಿಲ್ಲ ಬುಡಿ. ತಪ್ಪು ನಂದು ಸಾಬ್ರೆ ಅಂತ ಯೇಳಕ್ಕೆ ನಾನೂ ಓಗ್ಬೇಕಾಗಿತ್ತು."

ಇದನ್ನೆಲ್ಲ ಹೊತ್ತುಕೊಂಡು ಮದ್ದೂರಿಗೆ ಹೊರಟೆ. ಆರು ಮೈಲಿಯೂ ಇಲ್ಲದ ದಾರಿ. ಮೂರೂ ಜನ ಒಳ್ಳೆಯವರೇ. ಆರು ವರ್ಷ!

ಹೇಳಿದ್ದನ್ನು ವಾಜಿದ್ ಸಾಬರು ಎಡಗಿವಿ ಕೊಟ್ಟು ಪೂರ್ತಿ ಕೇಳುತ್ತಾರೆ. ಜೀಪು ಗುಜರಿಗೆ ಹೋಯಿತು ಅಂದಾಗ ಮೆಟ್ಟಿಲನ್ನು ಕೆಳಗಿಳಿಸಿ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ, ಆಮೇಲೆ ಹಳೇ ಪ್ಲೇಟುಗಳ ರಾಶಿಯ ಮೇಲೆ ಇಡುತ್ತಾರೆ. ಬೆಟ್ಟಮ್ಮನವರ ಮಾತು ಹೇಳಿದಾಗ ಕುಲುಮೆಯ ಬ್ಲೋವರ್ ನಿಲ್ಲಿಸುತ್ತಾರೆ. ಬೆಳಗಿನ ಹನ್ನೊಂದು ಗಂಟೆಗೆ ಅದು ನಿಂತಿದ್ದನ್ನು ಸರ್ವರ್ ಬೇಗಂ ನೋಡಿಯೇ ಇಲ್ಲವಂತೆ. ಒಗೆದ ಅಂಗಿ ತಂದು ಕೊಡುತ್ತಾರೆ.

ಬನ್ನಿ, ಬೆಸಗರಹಳ್ಳಿಗೆ ಬೈಕಿನಲ್ಲಿ ಬಿಡುತ್ತೇನೆ ಅಂದೆ.

"ಬ್ಯಾಡ ಸಾರ್, ಬಸ್ಸೈತೆ. ಒಬ್ನೇ ಓಯ್ತೀನಿ." ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. "ಪೈಪಾದ್ರೆ ಮಂಡ್ಯದಿಂದ ಬರ್ಬೇಕಾಗಿತ್ತು. ಎಂಗಿದ್ದೀಯಕ್ಕ ಅಂತ ಕೇಳಕ್ಕೆ ಎಲ್ಲಿಂದ್ಲೂ ಏನೂ ತರಿಸ್ಬೇಕಾಗಿರ್ಲಿಲ್ಲ, ಅಲ್ವಾ ಸಾರ್?"